ದೇವರ ಹತ್ತಿಗಿಡದ ಹೇನು

ಹೊಲಕ್ಕೆ ಹೊಡೆಯುವ ಎಣ್ಣೆ ಕೊಳ್ಳಲು ಹೋದಾಗ ಮೊದಲು ಮುಚ್ಚಳದ ಸೀಲು ನೋಡಬೇಕು, ಆಮೇಲೆ ತಯಾರಾದ ತಿಂಗಳು ನೋಡಬೇಕು, ರಸೀದಿ ಕೇಳಿ ಇಸಿದುಕೊಳ್ಳಬೇಕು. ರೇಟಿನ ಮಾತು ಕಟ್ಟಕಡೆಗೆ. ಮೆಟ್ಟಿಲು ಹತ್ತುತ್ತಲೇ ರೇಟು ಕೇಳಿದವನ ಅವಸರ ನನ್ನಂಥವನಿಗೆ ತಕ್ಷಣ ಗೊತ್ತಾಗುತ್ತದೆ, ಅವಸರ ಗೊತ್ತಾದ ಮೇಲೆ ನಾನು ಬೆಲೆ ಇಳಿಸುವುದಿಲ್ಲ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಅದನ್ನೂ ಬೀಜ ಗೊಬ್ಬರವನ್ನೂ ಶಹಾಪುರದಲ್ಲಿ ಮಾರುತ್ತಲೇ ನನ್ನ ತಲೆ ಬೆಳ್ಳಗಾಗಿದೆ. ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವುದು ನನ್ನ ಚಟ. ಆ ಚಟಕ್ಕೂ ಕಿವಿ ಕೊಡುವವರಿಲ್ಲದೆ ಕಳೆದ ಒಂದು ವರ್ಷದ ಸಂಗತಿ ಇದು.

ನಾನು ಶಿರವಾಳದವನು. ಬರಿಗಾಲಲ್ಲಿ ಶಹಾಪುರಕ್ಕೆ ಬಂದು ಚೀಲ ಹೊತ್ತೆ. ಅದೇ ಗುಂಪಿನಲ್ಲಿ ದೋರನಹಳ್ಳಿಯವನೊಬ್ಬ ಚೀಲ ಹೊರುತ್ತಿದ್ದ. ನನ್ನ ಬೆನ್ನಿಗೆ ಅವನು ಚೀಲ ಏರಿಸಬೇಕು, ಅವನ ಬೆನ್ನಿಗೆ ನಾನು, ಹಾಗೆ ಗೆಳೆತನವಾಯಿತು. ಅವರ ಹೊಲಕ್ಕೆ ಕಾಲುವೆ ನೀರು ಬಂದಾಗ ಅವನು ಊರಿಗೆ ಹೋಗಿ ಹತ್ತಿ ಬಿತ್ತಿದ. ನಾನು ಇಲ್ಲೇ ಉಳಿದೆ. ಇನ್ನೊಬ್ಬರ ಅಂಗಡಿಯ ಮೂಲೆಯಲ್ಲಿ ನಾಲ್ಕು ಬಾಟಲಿ ಇಟ್ಟುಕೊಂಡು ಶುರು ಮಾಡಿ, ಮಾತಿನ ಬಲದಿಂದಲೇ ಸ್ವಂತ ಅಂಗಡಿ ಮಾಡಿಕೊಂಡೆ. ಮೇಲೆ ಎರಡು ಕೋಣೆಯ ಮನೆ. ಮಕ್ಕಳಾಗಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಆ ಎರಡು ಕೋಣೆಯಲ್ಲಿ ಒಂದಕ್ಕೆ ಬೀಗ ಹಾಕಿಬಿಟ್ಟೆ.

ಗೆಳೆಯ ಪ್ರತಿ ಸಂತೆಯ ದಿನ ಬರುತ್ತಿದ್ದ. ಅಂಗಡಿಯ ಮುಂದಿನ ಬೆಂಚಿನ ಎಡ ತುದಿ ಅವನದು. ಚಹಾ ಕುಡಿಯುತ್ತ ಬಂದುಹೋಗುವ ಗಿರಾಕಿಗಳ ಮುಂದೆ ನನ್ನನ್ನೇ ಹೀಯಾಳಿಸುತ್ತಿದ್ದ. ಊರಿಗೆಲ್ಲ ನಾನು 'ಸಾವಕಾರ್ರು'. ನನಗೆ 'ಲೇ' ಅನ್ನುವ ಮನುಷ್ಯ ಜಗತ್ತಿನಲ್ಲಿ ಅವನೊಬ್ಬನೇ ಉಳಿದಿದ್ದ.

ಆ ವರ್ಷ ಹತ್ತಿಗೆ ಹೇನು ವಿಪರೀತ ಬಿತ್ತು. ತಲೆಯ ಹೇನಲ್ಲ, ಎಲೆಯ ಅಡಿಗೆ ಹಿಂಡುಗಟ್ಟಿ ರಸ ಹೀರುವ, ಎಳ್ಳಿಗಿಂತ ಚಿಕ್ಕ ಹುಳ. ಎಲೆ ಮುದುಡಿ, ಮೇಲೆಲ್ಲ ಜಿಗುಟು ಹತ್ತುತ್ತದೆ. ನನ್ನಲ್ಲಿ ಅದಕ್ಕೊಂದು ಎಣ್ಣೆ ಇತ್ತು. ಮೊದಲ ವರ್ಷಗಳಲ್ಲಿ ಅದನ್ನು ಹೊಡೆದ ಮರುದಿನ ಗಿಡ ತೊಳೆದಿಟ್ಟಂತೆ ಇರುತ್ತಿತ್ತು. ಈ ಸಲ ರೈತರು ಗೊಣಗತೊಡಗಿದರು. ನಾನು ಮೋಡ, ತೇವ, ಪಂಪಿನ ನಳಿಕೆ ಎಂದು ಒಂದೊಂದು ಕಾರಣ ಹೇಳಿ ಕಳಿಸುತ್ತಿದ್ದೆ.

ಒಂದು ಸಂತೆಯ ದಿನ ಗೆಳೆಯ ಬೆಂಚಿನ ಮೇಲೆ ಕೂರಲಿಲ್ಲ. ನೇರ ಬಂದು ಖಾಲಿ ಬಾಟಲಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದ. ಅಂಗಡಿ ತುಂಬ ಜನ.

"ಏನಲೇ, ನೀರು ಮಾರಾಕತ್ತಿಯೇನು?"

"ಯಾಕಲೇ, ಏನಾತು?"

"ಮೂರು ಸಲ ಹೊಡದೀನಿ. ಹೇನು ಎಲಿ ಕೆಳಗ ಕುಂತು ನನ್ನ ನೋಡಿ ನಗಾಕತ್ತಾವ."

ಜನ ನಕ್ಕರು. ನಾನೂ ನಗುತ್ತಲೇ ಕೇಳಿದೆ, "ಪಂಪಿಗೆ ಎಷ್ಟು ಹಾಕಿದಿ?"

"ಮೊದ್ಲು ಒಂದು ಮುಚ್ಚಳ. ಆಮ್ಯಾಲ ಎರಡು. ಮೊನ್ನೆ ನಾಲ್ಕು."

"ನಾಲ್ಕಾ! ಹೇನು ಹೋಗ್ಲಿ, ನೀ ಹೆಂಗ ಉಳದಿ ಮಾರಾಯ?"

ಆ ಚೇಷ್ಟೆ ಅವನಿಗೆ ಚುಚ್ಚಿತು. ಮುಖ ಕೆಂಪಾಯಿತು. "ಡೂಪ್ಲಿಕೇಟ್ ಮಾಲು ಕೊಟ್ಟು ಮ್ಯಾಲೆ ನಗ್ತಿ. ಹೆಂಡ್ತಿಲ್ಲ, ಮಕ್ಕಳಿಲ್ಲ, ಯಾರ ಸಲುವಾಗಿ ಮೋಸ ಮಾಡ್ತಿ ನೀ? ಸತ್ತ ದಿನ ಈ ಬಾಟಲಿಗೋಳು ಬಂದು ಹೆಗಲು ಕೊಡ್ತಾವೇನು?"

ಯಾರೂ ನಗಲಿಲ್ಲ. ಎದುರಿಗಿದ್ದ ಒಬ್ಬರು ಕೈಯಲ್ಲಿ ಹಿಡಿದ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟರು. ಗೆಳೆಯ ಮೆಟ್ಟಿಲು ಇಳಿದು ಹೋದ. ಅವನು ಕುಕ್ಕಿದ ಖಾಲಿ ಬಾಟಲಿಯನ್ನು ನಾನು ತೆಗೆದು ಕೆಳಗಿಟ್ಟೆ.

ಆಮೇಲಿನ ಸಂತೆಗಳಲ್ಲಿ ಬೆಂಚು ಖಾಲಿ. ಅವನೊಬ್ಬನೇ ಅಲ್ಲ, ಅವನ ಓಣಿಯವರೂ ಎದುರಿನ ಅಂಗಡಿಗೆ ತಿರುಗಿದರು. ವ್ಯಾಪಾರ ಕಡಿಮೆಯಾದದ್ದು ನನ್ನನ್ನು ಅಷ್ಟು ಕಾಡಲಿಲ್ಲ. ಅಂಥ ಏರಿಳಿತ ಬೇಕಾದಷ್ಟು ಕಂಡಿದ್ದೇನೆ. ಬೇಕಾಗಿದ್ದದ್ದು ಒಂದೇ. ನಾನು ಮೋಸಗಾರನಲ್ಲ ಎಂದು ಅವನಿಗೆ ತಿಳಿಯಬೇಕು, ಅವನು ತಿರುಗಿ ಬಂದು ಆ ಬೆಂಚಿನ ಮೇಲೆ ಕೂರಬೇಕು. ಚಹಾದವನು ರೂಢಿಯಂತೆ ಎರಡು ಕಪ್ಪು ತಂದಿಡುತ್ತಿದ್ದ. ಬೇಡ ಎನ್ನಲು ಮನಸ್ಸಾಗುತ್ತಿರಲಿಲ್ಲ. ಒಂದನ್ನು ಕುಡಿದು, ಇನ್ನೊಂದು ಆರುವುದನ್ನು ನೋಡುತ್ತ ಕೂರುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ಒಬ್ಬ ಮೇಡಂ ಬಂದರು. ಹುಳಗಳ ಮೇಲೆ ಸಂಶೋಧನೆ ಮಾಡುವವರು, ಮೈಸೂರು ಕಡೆಯ ಮಾತು. ಈ ಭಾಗದಲ್ಲಿ ಯಾವ ಎಣ್ಣೆ ಎಷ್ಟು ಹೋಗುತ್ತದೆ ಎಂದು ಅಂಗಡಿ ಅಂಗಡಿ ತಿರುಗಿ ವಿಚಾರಿಸುತ್ತಿದ್ದರು. ಬೆಂಚಿನ ಬಲ ತುದಿಯಲ್ಲಿ ಕೂತರು. ಆರುತ್ತಿದ್ದ ಎರಡನೆಯ ಚಹಾ ಅವರ ಪಾಲಾಯಿತು. ಮಾತಾಡುವವರು ಸಿಕ್ಕ ಖುಷಿಗೆ ನಾನು ಎಲ್ಲವನ್ನೂ ಹೇಳಿಕೊಂಡೆ, ಗೆಳೆಯ ಅಂದ ಕಡೆಯ ಮಾತೊಂದನ್ನು ಬಿಟ್ಟು.

"ನಿಮ್ಮ ಔಷಧ ಸರಿಯಾಗೇ ಇರಬಹುದು," ಎಂದರು. "ಬದಲಾಗಿರುವುದು ಹೇನು."

"ಹುಳ ಶಾಣ್ಯಾ ಆಗ್ಯಾವ ಅಂತೀರೇನ್ರಿ?"

"ಇಲ್ಲ. ಯಾವ ಹುಳವೂ ಏನನ್ನೂ ಕಲಿತಿಲ್ಲ. ಸಾವಿರಾರು ಹೇನುಗಳಲ್ಲಿ ಎಲ್ಲೋ ಒಂದು ಹುಟ್ಟುವಾಗಲೇ ಸ್ವಲ್ಪ ಬೇರೆ ಇರುತ್ತದೆ. ಔಷಧ ಅದಕ್ಕೆ ನಾಟುವುದಿಲ್ಲ. ಔಷಧ ಹೊಡೆಯದಿದ್ದರೆ ಅದು ಗುಂಪಿನಲ್ಲಿ ಗೋವಿಂದ. ಹೊಡೆದರೆ ಉಳಿದವೆಲ್ಲ ಸಾಯುತ್ತವೆ, ಇದು ಉಳಿಯುತ್ತದೆ, ಖಾಲಿ ಎಲೆಯ ಮೇಲೆ ಇದರ ಸಂತಾನವೇ ಬೆಳೆಯುತ್ತದೆ. ಹೇನಿಗೆ ಗಂಡಿನ ಹಂಗೂ ಇಲ್ಲ, ಹೆಣ್ಣು ಹೆಣ್ಣನ್ನೇ ಹಡೆಯುತ್ತದೆ. ವಾರ ಕಳೆಯುವುದರಲ್ಲಿ ಮಗಳು ತಾಯಿಯಾಗುತ್ತಾಳೆ. ಎರಡನೇ ಸಲ ಹೊಡೆದಾಗ ಅಲ್ಲಿರುವವು ಬೇರೆ ಹೇನುಗಳು. ಜೀವವಿಕಾಸ ಅಂದರೆ ಲಕ್ಷಾಂತರ ವರ್ಷದ ಹಿಂದಿನ ಕಥೆ ಅಂದುಕೊಳ್ಳುತ್ತೇವೆ. ಅದಕ್ಕೆ ಪುರಾವೆ ನಿಮ್ಮ ರೈತರ ಹೊಲದಲ್ಲೇ ಇದೆ."

ಪುಸ್ತಕದಲ್ಲಿ ಓದಿದ್ದರೆ ಇದು ನನ್ನ ತಲೆಗೆ ಹತ್ತುತ್ತಿರಲಿಲ್ಲ. ಆದರೆ ವ್ಯಾಪಾರಸ್ಥನಿಗೆ ಇದು ಹೊಸದೇನಲ್ಲ. ನಾನು ಉದ್ರಿ ಕೊಡುವುದಿಲ್ಲ, ಬಾಯಿ ಜೋರು. ಮೆತ್ತಗಿನ ಗಿರಾಕಿಗಳು ಮೊದಲ ವರ್ಷವೇ ಎದುರಿನ ಅಂಗಡಿಗೆ ಹೋದರು. ಜಗ್ಗದವರು ಉಳಿದರು, ಅವರು ತಮ್ಮಂಥವರನ್ನೇ ಕರೆತಂದರು. ಈಗ ನನ್ನ ಗಿರಾಕಿಗಳೆಲ್ಲ ಗಟ್ಟಿ ಚೌಕಾಸಿಯವರು. ಅವರಿಗೆ ನಾನೇನು ಚೌಕಾಸಿ ಕಲಿಸಲಿಲ್ಲ. ಅದು ಬಾರದವರು ಇಲ್ಲಿ ಉಳಿಯಲಿಲ್ಲ, ಅಷ್ಟೇ. ಇದನ್ನು ಹೇಳಿದಾಗ ಮೇಡಂ ನಕ್ಕು, "ನಾಳೆ ಕ್ಲಾಸಿನಲ್ಲಿ ಇದನ್ನೇ ಹೇಳುತ್ತೇನೆ," ಎಂದರು.

ಆಗ ನನಗೆ ಹಿಂದಿನ ಇನ್ನೊಂದು ಸಂಗತಿ ಹೊಳೆಯಿತು. ಕಾಯಿ ಕೊರೆಯುವ ಹುಳಕ್ಕೆ ಜಗ್ಗದ ಹತ್ತಿ ಬೀಜ ಹೊಸದಾಗಿ ಬಂದಾಗ ಡಬ್ಬಿಯೊಳಗೆ ಒಂದು ಸಣ್ಣ ಪಾಕೀಟೂ ಇರುತ್ತಿತ್ತು, ಸಾದಾ ಹತ್ತಿ ಬೀಜದ್ದು. ಹೊಲದ ಸುತ್ತ ಅದನ್ನು ಬಿತ್ತಿ ಎಂದು ಡಬ್ಬಿಯ ಮೇಲೆ ಬರೆದಿರುತ್ತಿತ್ತು, ನಾನೂ ಹೇಳುತ್ತಿದ್ದೆ. ಯಾರೂ ಬಿತ್ತಲಿಲ್ಲ. ಡಬ್ಬಿಯನ್ನು ಅಂಗಡಿ ಮೆಟ್ಟಿಲ ಮೇಲೇ ಒಡೆದು ಸಣ್ಣ ಪಾಕೀಟನ್ನು ಅಲ್ಲೇ ಬಿಸಾಡಿ ಹೋಗುತ್ತಿದ್ದರು. ಗೆಳೆಯ ಮಾತ್ರ ಅದನ್ನು ಮನೆಗೆ ಒಯ್ದು ಎಮ್ಮೆಗೆ ಹಾಕುತ್ತಿದ್ದ. "ಹುಳಕ್ಕ ಊಟಕ್ಕ ಹಾಕಾಕ ನಾನೇನು ದಾಸೋಹ ನಡಸಾಕತ್ತೇನೇನು?" ಎನ್ನುತ್ತಿದ್ದ.

"ಆ ದಾಸೋಹವೇ ಬೇಕಾಗಿತ್ತು," ಎಂದರು ಮೇಡಂ. "ಸಾದಾ ಗಿಡದಲ್ಲಿ ಸಾದಾ ಹುಳ ಉಳಿದಿದ್ದರೆ, ಜಗ್ಗದ ಹುಳಕ್ಕೆ ಅದು ಜೋಡಿಯಾಗಿ ಮತ್ತೆ ಮೆತ್ತಗಿನ ಮರಿ ಹುಟ್ಟುತ್ತಿತ್ತು. ಈಗ ಎರಡೂ ಬೀಜ ಬೆರೆಸಿಯೇ ಕೊಡುತ್ತಾರೆ, ಎಸೆಯಲು ಬಾರದ ಹಾಗೆ."

ಹೊರಡುವ ಮುಂಚೆ ಅವರು ನನ್ನ ಅಂಗಡಿಯ ನೆಲ ನೋಡಿದರು. ನಮ್ಮ ಕಡೆ ಎಲ್ಲರ ಮನೆಗೂ ಹಾಸುವ ಶಾಬಾದಿ ಕಲ್ಲಿನ ಫರಸಿ. "ಇದು ಸಮುದ್ರದ ತಳದ ಕೆಸರು ಗಟ್ಟಿಯಾದದ್ದು," ಎಂದರು. "ಇದರಲ್ಲಿ ಎಷ್ಟು ಹುಡುಕಿದರೂ ಮೀನಿನ ಎಲುಬು ಸಿಗುವುದಿಲ್ಲ. ಎಲುಬಿನ ಪ್ರಾಣಿ ಇನ್ನೂ ಹುಟ್ಟಿರಲಿಲ್ಲ. ಅದಕ್ಕಿಂತ ಎಳೆಯ ಕಲ್ಲುಗಳಲ್ಲಿ ಮೀನು ಸಿಗುತ್ತದೆ, ಅದಕ್ಕೂ ಎಳೆಯದರಲ್ಲಿ ನಾಲ್ಕು ಕಾಲಿನವು. ಈ ಸರದಿ ಎಲ್ಲಿಯೂ ತಿರುವುಮುರುವು ಆಗಿಲ್ಲ."

ಅವರು ಹೋದ ಮೇಲೆ ನಾನು ಬಹಳ ಹೊತ್ತು ಆ ಕಲ್ಲನ್ನೇ ನೋಡುತ್ತ ಕೂತೆ. ಇಷ್ಟು ವರ್ಷ ಅದರ ಮೇಲೆ ಓಡಾಡಿದ್ದೇನೆ, ಕಸ ಗುಡಿಸಿದ್ದೇನೆ. ಒಂದು ಮೀನೂ ಇಲ್ಲದ ಸಮುದ್ರ. ಸದ್ದು ಮಾಡುವವರಾಗಲಿ ಕೇಳುವವರಾಗಲಿ ಇಲ್ಲದ ನೀರು. ಅಂಗಡಿಯ ಶಟರ್ ಎಳೆದು ಮೇಲೆ ಹೋಗುವಾಗ ಅಂದು ನನ್ನ ಹೆಜ್ಜೆಯ ಸಪ್ಪಳ ನನಗೇ ಜೋರಾಗಿ ಕೇಳಿಸಿತು.

ಪರೀಕ್ಷೆ ಮಾಡುವ ಉಪಾಯವನ್ನೂ ಮೇಡಂ ಹೇಳಿಕೊಟ್ಟಿದ್ದರು. ಗೆಳೆಯನ ಹೊಲದ ಹೇನು ತೆಗೆದುಕೊಳ್ಳಬೇಕು. ಎಂದೂ ಎಣ್ಣೆ ಕಾಣದ ಹತ್ತಿಗಿಡದ ಹೇನೂ ಬೇಕು. ಎರಡಕ್ಕೂ ಒಂದೇ ಎಣ್ಣೆ ತಾಗಿಸಿ ನೋಡಬೇಕು. ಕೇಳಲು ಸುಲಭ. ಎಣ್ಣೆ ಕಾಣದ ಹತ್ತಿಗಿಡವನ್ನು ಎಲ್ಲಿಂದ ತರುವುದು? ಹತ್ತಿಕುಣಿ ಕೆರೆಯ ಕೆಳಗಿನ ಪರಿಚಯದವರನ್ನು ಕೇಳಿದೆ, ಯಾದಗಿರಿಯ ವ್ಯಾಪಾರಿಗಳನ್ನು ಕೇಳಿದೆ. "ಎಣ್ಣಿ ಹೊಡೀದ ಹತ್ತಿ ಯಾರು ಬೆಳೀತಾರ್ರಿ ಸಾವಕಾರ್ರ, ತಲಿ ಬರಾಬ್ಬರಿ ಐತಿಲ್ಲೋ?" ಎಂದು ನಕ್ಕರು.

ಒಂದು ಸಂಜೆ ಹೆಂಡತಿಯ ಫೋಟೋದ ಮುಂದೆ ದೀಪ ಹಚ್ಚಲು ಬತ್ತಿ ತೆಗೆದೆ. ಆ ಬತ್ತಿಗಳನ್ನು ಪ್ರತಿ ವರ್ಷ ಕಳಿಸುತ್ತಿದ್ದವಳು ಗೆಳೆಯನ ಹೆಂಡತಿ. ಅವಳ ಹಿತ್ತಲಲ್ಲಿ ಒಂದು ಹಳೆಯ ಹತ್ತಿಗಿಡವಿದೆ. ಹೊಲದ ಹತ್ತಿಯಂತಲ್ಲ, ವರ್ಷಾನುಗಟ್ಟಲೆ ಬದುಕುವ ಮರದಂಥದು, ದೇವರ ಬತ್ತಿಗೆಂದೇ ಬೆಳೆಸಿದ್ದು. ಸ್ನಾನ ಮಾಡದೆ ಅದನ್ನು ಮುಟ್ಟುವಂತಿಲ್ಲ. ಎಂಜಲು ನೀರು ಬೀಳುವಂತಿಲ್ಲ. ಎಣ್ಣೆಯಂತೂ ದೂರದ ಮಾತು. ಹುಳ ಬಿದ್ದರೆ ಒಲೆಯ ಬೂದಿ ಉದುರಿಸುತ್ತಾಳೆ. ಬತ್ತಿ ಕೈಯಲ್ಲೇ ಉಳಿಯಿತು. ಮೈಮೇಲಿನ ರೋಮಗಳು ನಿಂತವು. ನಮ್ಮ ಮೈತುಂಬ ತುಪ್ಪಳವಿದ್ದ ಪೂರ್ವಿಕರ ಕಾಲದಲ್ಲಿ ರೋಮ ನಿಂತರೆ ಚಳಿ ತಡೆಯುತ್ತಿತ್ತಂತೆ, ತುಪ್ಪಳ ಹೋದ ಮೇಲೂ ಮೈ ಆ ಕೆಲಸವನ್ನು ಬಿಟ್ಟಿಲ್ಲವಂತೆ. ಅದನ್ನೂ ಮೇಡಮ್ಮೇ ಹೇಳಿದ್ದರು. ನನಗೆ ಬೀಗ ಹಾಕಿದ ಕೋಣೆಯ ನೆನಪಾಯಿತು. ಈಗಲೂ ಬೆಳಿಗ್ಗೆ ಎದ್ದು ಅದರ ಮುಂದೆ ಹಾದು ಹೋಗುವಾಗ, ಒಳಗೆ ಮಲಗಿದವಳು ಎಚ್ಚರಾದಾಳೆಂದು ಕಾಲು ಮೆಲ್ಲಗಿಡುತ್ತೇನೆ.

ಅಂಗಡಿಕಾರ ಗಿರಾಕಿಯ ಮನೆ ಬಾಗಿಲಿಗೆ ಹೋಗಬಾರದು. ಹೋದರೆ ಅವನ ಮಾಲಿಗೆ ಬೆಲೆ ಇಲ್ಲವೆಂದೇ ಅರ್ಥ. ಇದನ್ನು ಹೊಸದಾಗಿ ಅಂಗಡಿ ಇಡುವವರಿಗೆಲ್ಲ ಹೇಳಿದ್ದೇನೆ, ಇಂದಿಗೂ ಹೇಳುತ್ತೇನೆ. ಮರುದಿನ ಬೆಳಿಗ್ಗೆ ನಾನು ದೋರನಹಳ್ಳಿಯ ಬಸ್ ಹತ್ತಿದೆ.

ಗೆಳೆಯ ಮನೆಯ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತಲಿಲ್ಲ. ಅವನ ಹೆಂಡತಿಯೇ ಹೊರಬಂದು, "ಬಾ ಅಣ್ಣಾ, ಒಳಗ ಬಾ," ಎಂದು ನೀರು ಕೊಟ್ಟಳು.

ಸೀಲು ಒಡೆಯದ ನನ್ನ ಎಣ್ಣೆಯ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, ನಾನು ನಿಂತಲ್ಲಿಂದಲೇ ವಿಷಯ ತೆಗೆದೆ. ಅವನು ಪೂರಾ ಕೇಳಿದ. ಆಮೇಲೆ ಹಗ್ಗ ಬದಿಗಿಟ್ಟ.

"ನಿನ್ನ ಬಾಟಲಿ ನಂಬಂಗಿಲ್ಲ. ಸುರಪುರಕ್ಕ ಹೋಗಿ ನಾನಾ ಅದೇ ಎಣ್ಣಿ ತರ್ತೀನಿ. ಎರಡೂ ಇಟ್ಟು ನೋಡೂಣು."

"ತಾ. ರಸೀದಿ ಇಸಗೊ."

"ಎಣ್ಣಿ ನಾನಾ ಕಲಸ್ತೀನಿ."

"ಕಲಸು. ಆದ್ರ ಬಾಟಲಿ ಮ್ಯಾಲೆ ಬರದಷ್ಟ. ನಾಲ್ಕು ಮುಚ್ಚಳ ಹಾಕಿದಿ ಅಂದ್ರ ಶರ್ತು ಖಲಾಸ್."

"ನೀ ಯಾವುದನ್ನೂ ಮುಟ್ಟಂಗಿಲ್ಲ."

"ನೀನೂ ಮುಟ್ಟಂಗಿಲ್ಲ. ಎಲಿ ಅದ್ದಿ ಇಡೋದು ತಂಗಿ. ಯಾವುದರಾಗ ಏನೈತಿ ಅನ್ನೋದು ಆಕಿಗೊಬ್ಬಾಕಿಗೇ ಗೊತ್ತಿರ್ಲಿ. ನಾಳೆ ನೀ ನೋಡಿ ಹೇಳು, ಆಮ್ಯಾಲ ಆಕಿ ಹೇಳ್ಲಿ."

"ಮತ್ತ ಬರೇ ನೀರಿಂದು?"

ಅವನು ಇದನ್ನು ಕೇಳಿದಾಗ ನನಗೆ ಒಳಗೊಳಗೇ ಸಂತೋಷವಾಯಿತು. ಅದನ್ನೇ ಮೇಡಂ ಒತ್ತಿ ಹೇಳಿದ್ದರು. ಬರಿ ನೀರಿನಲ್ಲಿ ಅದ್ದಿದವೂ ಸತ್ತರೆ ಪರೀಕ್ಷೆಯೇ ಕೆಟ್ಟಂತೆ. "ನೀರಿಂದೂ ಇಡೂಣು," ಎಂದೆ. ಇಷ್ಟು ಚೆಂದದ ಚೌಕಾಸಿ ಮಾಡಿ ಎಷ್ಟೋ ದಿನವಾಗಿತ್ತು.

ಅವನ ಹೆಂಡತಿ ಮಾತ್ರ ಹಿತ್ತಲ ಬಾಗಿಲಿಗೆ ಅಡ್ಡ ನಿಂತಳು. "ದೇವರ ಗಿಡದಾಗಿನ ಜೀವ ಅಣ್ಣಾ. ನಾ ಬೂದಿ ಹಾಕಿ ಓಡಿಸ್ತೀನಿ, ಎಣ್ಣಿ ಹಾಕಿ ಕೊಂದಿಲ್ಲ."

"ಮೂರು ಎಲಿ ಸಾಕವ್ವ. ನಿನ್ನ ಗಂಡ ನನ್ನ ಕಳ್ಳ ಅಂದಾನ. ಆ ಗಿಡ ಅಷ್ಟ ಸಾಕ್ಷಿ ಹೇಳಬೇಕು."

ಅವಳು ಗಂಡನನ್ನೊಮ್ಮೆ ನೋಡಿದಳು. ಒಳಗೆ ಹೋಗಿ ಸ್ನಾನ ಮಾಡಿ ಬಂದು, ಗಿಡಕ್ಕೆ ಕೈಮುಗಿದು ಮೂರು ಎಲೆ ಕಿತ್ತಳು. ಮಧ್ಯಾಹ್ನದ ಹೊತ್ತಿಗೆ ಗೆಳೆಯ ಸುರಪುರದಿಂದ ಬಾಟಲಿ ತಂದು, ಬರುವಾಗ ಹೊಲದಿಂದ ಮೂರು ಎಲೆ ಕಿತ್ತು ತಂದ. ಎರಡು ಬಟ್ಟಲಲ್ಲಿ ಎರಡು ಅಂಗಡಿಯ ಎಣ್ಣೆ, ಮೂರನೆಯದರಲ್ಲಿ ನೀರು. ಅವಳು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಒಂದೊಂದು ಎಲೆಯನ್ನು ಹೇನಿನ ಸಮೇತ ಅದ್ದಿ ಕೊಡವಿ ಉಪ್ಪಿನಕಾಯಿಯ ಹಳೆ ಗಾಜಿನ ಬಾಟಲಿಗಳಲ್ಲಿ ಇಟ್ಟಳು. ಬಾಯಿಗೆ ತೆಳು ಬಟ್ಟೆ ಕಟ್ಟಿ ಬೇರೆ ಬೇರೆ ಬಣ್ಣದ ದಾರ ಸುತ್ತಿದಳು. ಬಟ್ಟಲುಗಳನ್ನು ಮನೆಯ ಬಳಕೆಗೆ ಮತ್ತೆ ಇಡಬೇಡ, ಒಡೆದು ಹೂಳು ಎಂದು ಹೇಳಿ ನಾನು ಶಹಾಪುರಕ್ಕೆ ವಾಪಸಾದೆ. ನೀವು ಮಾಡುವುದಾದರೂ ಈ ಮಾತು ಮರೆಯಬೇಡಿ.

ಮರುದಿನ ಮಧ್ಯಾಹ್ನ ಹೋದಾಗ ಅವಳು ನಗುತ್ತಿದ್ದಳು. "ನಾ ಬದಲಿ ಮಾಡ್ತೀನೇನೋ ಅಂತ ಇವ್ರು ಬಾಟಲಿ ಪಕ್ಕಕ್ಕ ಮಲಗಿದ್ರಣ್ಣಾ. ಲಗ್ನಾದ ಹೊಸದರಾಗೂ ನನ್ನ ಇಷ್ಟು ಕಾದಿದ್ದಿಲ್ಲ."

"ಸುಮ್ನ ದಾರ ಬಿಚ್ಚು," ಎಂದ ಗೆಳೆಯ.

ಅವನು ಚಾಳೀಸು ಹಾಕಿಕೊಂಡು ಒಂದೊಂದೇ ಎಲೆಯನ್ನು ಬಿಳಿ ಕಾಗದದ ಮೇಲೆ ಇಟ್ಟು, ಕಸಬರಿಗೆಯ ಕಡ್ಡಿಯಿಂದ ಹೇನುಗಳನ್ನು ಮೆಲ್ಲಗೆ ತಿವಿದ.

"ಕೆಂಪು ದಾರದ್ದು, ಎಲ್ಲಾ ಸತ್ತಾವ."

"ಅದು ದೇವರ ಗಿಡದ್ದು, ಅಣ್ಣನ ಎಣ್ಣಿ," ಎಂದಳು ಅವಳು.

"ಹಸಿರು... ಇವೂ ಸತ್ತಾವ."

"ಇದೂ ದೇವರ ಗಿಡದ್ದು. ಸುರಪುರದ ಎಣ್ಣಿ."

"ಹಳದಿ." ಅವನು ಬಹಳ ಹೊತ್ತು ಬಗ್ಗಿ ನೋಡಿದ. "ಒಂದೆರಡು ಸತ್ತಾವ. ಉಳಿದವು ಕಾಲು ಆಡಸಾಕತ್ತಾವ."

"ನಮ್ಮ ಹೊಲದ್ದು. ಅಣ್ಣನ ಎಣ್ಣಿ."

"ಕರೀದು. ಇದೂ ಹಂಗ. ನಡದಾಡಾಕತ್ತಾವ."

"ಹೊಲದ್ದು. ನೀವು ತಂದ ಸುರಪುರದ ಎಣ್ಣಿ."

ನೀರಿನ ಎರಡರಲ್ಲೂ ಹೇನುಗಳು ಆರಾಮಾಗಿ ಇದ್ದವು. ಒಂದರಲ್ಲಿ ಹೊಸ ಮರಿಗಳೂ ಹುಟ್ಟಿದ್ದವು. ಗೆಳೆಯ ಮೊದಲಿಂದ ಮತ್ತೊಮ್ಮೆ ಎಲ್ಲವನ್ನೂ ನೋಡಿದ. ಚಾಳೀಸು ತೆಗೆದ.

"ಎರಡೂ ಎಣ್ಣಿ ಅಸಲಿ ಅದಾವ," ಎಂದ, ನನಗಲ್ಲ, ಎಲೆಗೆ ಹೇಳಿದಂತೆ.

"ಹಂಗಾರ ಇಷ್ಟು ದಿನ ಮೋಸ ಮಾಡಿದ್ದು ಹೇನು ಅನ್ರಿ," ಎಂದಳು ಅವಳು.

ಯಾರೂ ಮೋಸ ಮಾಡಿಲ್ಲವೆಂದು ನಾನು ವಿವರಿಸಿದೆ. ಅವನಿಗೆ ಅರ್ಥವಾಗಲು ನನಗಿಂತ ಕಡಿಮೆ ಹೊತ್ತು ಹಿಡಿಯಿತು. ಕುರಿ ಸಾಕಿದವನು. "ಚಲೋ ಟಗರು ಇಟಗೊಂಡು ಉಳಿದದ್ದು ಮಾರಿದ್ರ ನಾಲ್ಕೈದು ಸೂಲಿನಾಗ ಹಿಂಡೇ ಬ್ಯಾರೆ ಆಗ್ತೈತಿ. ಹಂಗ ಆತು ಇದು. ಮೆತ್ತಗಿನವು ಕೊಂದು ಕೊಂದು ಜಗ್ಗಲಾರದ ತಳಿ ನಾನಾ ಸಾಕೀನಿ."

"ನೀನೊಬ್ಬನಾ ಅಲ್ಲ. ಹೊಡದವ್ರೆಲ್ಲಾ ಸಾಕ್ಯಾರ. ಮಾರಿದವ ನಾನೂ ಪಾಲುದಾರ."

ಮೇಡಂ ಹೇಳಿದ್ದ ಉಪಾಯಗಳನ್ನೆಲ್ಲ ಹೇಳಿದೆ. ಒಂದೇ ಜಾತಿಯ ಎಣ್ಣೆಯನ್ನು ಮತ್ತೆ ಮತ್ತೆ ಹೊಡೆಯಬಾರದು, ಬೇರೆ ಗುಂಪಿನದನ್ನು ಸರದಿಯಲ್ಲಿ ಬಳಸಬೇಕು. ಹೇನು ತಿನ್ನುವ ಕೆಂಪು ಚುಕ್ಕೆ ಹುಳ ಇದ್ದಾಗ ಪಂಪು ಕೆಳಗಿಡಬೇಕು. ಮುಚ್ಚಳ ಹೆಚ್ಚಿಸಿದರೆ ಹೇನು ಸಾಯುವುದಿಲ್ಲ, ನಾವು ಸಾಯುತ್ತೇವೆ. ಮೆತ್ತಗಿನ ಹೇನೂ ಉಳಿದು ಜಗ್ಗದವುಗಳ ಜಾಗ ಹಿಡಿಯುವಂತೆ ಒಂದಷ್ಟು ಸಾಲನ್ನು ಎಣ್ಣೆ ತಾಗಿಸದೆ ಬಿಡಬೇಕು. ಗೆಳೆಯ ಹೂಂಗುಟ್ಟಿದ. ಚಹಾ ಕುಡಿದು ಬಂದೆ.

ಮುಂದಿನ ಸಂತೆಗೆ ಅವನು ಬಂದ. ಮೆಟ್ಟಿಲ ಮೇಲೆ ನಿಂತು, ನಾಲ್ಕು ಜನ ಕೇಳುವಂತೆ, "ಇವನ ಎಣ್ಣಿ ಅಸಲಿ ಐತ್ರಿ. ನಾನಾ ಸ್ವತಃ ನೋಡೀನಿ. ಡೂಪ್ಲಿಕೇಟ್ ಅಂದಿದ್ದು ನಂದು ತಪ್ಪು," ಎಂದ. ನಾನು ಚಹಾದವನಿಗೆ ಕೈಸನ್ನೆ ಮಾಡಿದೆ. ತಿರುಗಿ ನೋಡುವುದರೊಳಗೆ ಅವನು ಹೋಗಿಬಿಟ್ಟಿದ್ದ.

ಗಿರಾಕಿಗಳು ಮೆಲ್ಲಮೆಲ್ಲಗೆ ತಿರುಗಿ ಬಂದರು. ಬೆಂಚು ಮಾತ್ರ ಹಾಗೇ ಉಳಿಯಿತು. ಮೊದಮೊದಲು ಹತ್ತಿ ಬಿಡಿಸುವ ಕೆಲಸವಿದ್ದೀತು ಎಂದುಕೊಂಡೆ. ಆಮೇಲೆ ಶೇಂಗಾ. ಆಮೇಲೆ ಬೇಸಿಗೆ ಬಂತು, ಹೊಲದಲ್ಲಿ ಕೆಲಸವೇ ಇಲ್ಲದ ಕಾಲ, ಆಗಲೂ ಬರಲಿಲ್ಲ. ನಾನು ಗೆದ್ದಿದ್ದೆ. ಬೇಕಾದ ಪುರಾವೆ ಆರು ಬಾಟಲಿಗಳಲ್ಲಿ ಸಿಕ್ಕಿತ್ತು, ಅವನೇ ಒಪ್ಪಿದ್ದ. ಆದರೂ ಮಧ್ಯಾಹ್ನದ ಹೊತ್ತು ಆ ಬೆಂಚಿನ ಮೇಲೆ ಬಿಸಿಲು ಎಡ ತುದಿಯಿಂದ ಬಲ ತುದಿಗೆ ಸರಿಯುವುದನ್ನು ನೋಡುತ್ತ ಕೂರುವುದು ತಪ್ಪಲಿಲ್ಲ. ಎಣ್ಣೆಯ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಂಡಿದ್ದ. ಅಂದು ಅದರ ಜೊತೆ ಆಡಿದ ಇನ್ನೊಂದು ಮಾತು, ಹೆಗಲು ಕೊಡುವವರ ಮಾತು, ನಮ್ಮಿಬ್ಬರ ನಡುವೆ ಬಿದ್ದೇ ಇತ್ತು.

ಮುಂಗಾರು ಬಂದು ಹತ್ತಿ ಎರಡೆಲೆ ಒಡೆದಾಗ ಮತ್ತೆ ದೋರನಹಳ್ಳಿಗೆ ಹೋದೆ. ಈ ಸಲ ಮನೆಗೆ ಹೋಗಲಿಲ್ಲ, ರಸ್ತೆ ಬದಿಯ ಹೊಲಕ್ಕೇ ಇಳಿದೆ. ಗೆಳೆಯ ಕಳೆ ಹೋಗಲೆಂದು ಸಾಲುಗಳ ನಡುವೆ ಎಡೆ ಹೊಡೆಯುತ್ತಿದ್ದ. ನನ್ನನ್ನು ಕಂಡು ಎತ್ತು ನಿಲ್ಲಿಸಿ, ನಿನ್ನೆಯಷ್ಟೇ ಭೇಟಿಯಾದವರಂತೆ ಕೇಳಿದ.

"ಎಣ್ಣಿ ತಾಗದ ಸಾಲು ಎಷ್ಟು ಬಿಡಬೇಕು ಅಂದಿದ್ರು ನಿಮ್ಮ ಮೇಡಂ?"

"ಹತ್ತು," ಎಂದೆ. ಮೇಡಂ ಲೆಕ್ಕ ಹೇಳಿರಲಿಲ್ಲ. ಆದರೆ ಇವನ ಜೊತೆ ಹತ್ತರಿಂದ ಶುರು ಮಾಡಿದರೆ ಎಲ್ಲಿಗೆ ನಿಲ್ಲುತ್ತದೆಂದು ನನಗೆ ಗೊತ್ತು.

"ಹತ್ತಾ! ಅಷ್ಟು ಹೇನಿಗೆ ಬಿಟ್ಟು ನಾ ಏನು ತಿನ್ನಲಿ? ಎರಡು."

"ಎಂಟು."

"ಮೂರು. ಅದೂ ಬದುವಿನ ಕಡೆ, ನೀರು ಸರಿಯಾಗಿ ಏರದ ಜಾಗದಾಗ."

"ಬದುವಿನ ಕಡೆ ಆಗ್ಲಿ. ಆರು."

"ಐದು. ಇನ್ನ ಮಾತಾಡಿದಿ ಅಂದ್ರ ಒಂದೂ ಇಲ್ಲ."

"ಐದು," ಎಂದೆ. ಅವನು ಕೈ ಚಾಚಿದ, ನಾನು ಹಿಡಿದೆ. ಸಂತೆಯಲ್ಲಿ ಮಾತು ಮುಗಿದಾಗ ಹಿಡಿಯುವ ಹಾಗೆಯೇ. ಆದರೆ ಇಬ್ಬರೂ ತುಸು ಹೆಚ್ಚು ಹೊತ್ತು ಹಿಡಿದಿದ್ದೆವು.

ಬೇವಿನ ಗಿಡದ ನೆರಳಿಗೆ ಕೂತೆವು. ಹೇಳುವ ಬುದ್ಧಿಮಾತು ನನ್ನಲ್ಲಿ ಒಂದೂ ಉಳಿದಿರಲಿಲ್ಲ. ಬೇಕಾದ ಮಾಲಿನ ಮೇಲೆ ಆಸೆ ತೋರಿಸಬೇಡಿ, ತೋರಿಸಿದಿರೋ ಬೆಲೆ ಏರುತ್ತದೆ ಎಂದು ಜನ್ಮವೆಲ್ಲ ಹೇಳಿಕೊಂಡು ಬಂದವನು ನಾನು. ಅಂದು ಬಾಯಿಬಿಟ್ಟೇ ಕೇಳಿದೆ.

"ಸಂತಿ ದಿನ ಬಾರಲೇ."

ಅವನು ನೆಲದ ಮೇಲಿನ ಬೇವಿನ ಹಣ್ಣೊಂದನ್ನು ಹೆಬ್ಬೆರಳಿಂದ ಅದುಮುತ್ತಿದ್ದ. "ಎಣ್ಣಿದು ಎಲ್ಲಾರ ಮುಂದ ಹಿಂದಕ್ಕ ತಗೊಂಡೆ. ಇನ್ನೊಂದು ಅಂದೆನಲ್ಲ, ಅದು ಹೆಂಗ ತಗೊಳ್ಳೋದು ತಿಳೀವಲ್ದು. ನಿನ್ನ ಬೆಂಚು ಕಂಡ್ರ ಅದಾ ನೆನಪಾಗ್ತೈತಿ."

"ತಗೊಬ್ಯಾಡ," ಎಂದೆ. "ಸುಳ್ಳಲ್ಲ ಅದು. ನನಗ ಯಾರೂ ಇಲ್ಲ. ಅದಕ್ಕ ಬಾ ಅನ್ನಾಕತ್ತೇನಿ."

ಅವನು ಬೆರಳಿಗಂಟಿದ ಹಣ್ಣಿನ ರಸವನ್ನು ಮಣ್ಣಿಗೆ ಒರೆಸಿದ. ಎತ್ತುಗಳು ಕೊರಳ ಗೆಜ್ಜೆ ಅಲುಗಿಸಿದವು.

"ನೋಡೂಣು ತಗೊ," ಎಂದು ಎದ್ದ.

ಅಂಗಡಿಯಲ್ಲಿ ದಿನವೂ ಕೇಳುವ ಮಾತದು. ಬೆಲೆ ಕೇಳಿ, ಬಾಟಲಿ ತಿರುಗಿಸಿ ನೋಡಿ, ಕೆಳಗಿಟ್ಟು ಹೋಗುವವರು ಹೇಳುವ ಮಾತು. ಹಾಗೆ ಹೇಳಿ ತಿರುಗಿ ಬಂದವರೂ ಇದ್ದಾರೆ, ಬಾರದವರೂ ಇದ್ದಾರೆ. ಅಂಥವರನ್ನು ಮೆಟ್ಟಿಲ ತನಕ ಬೆನ್ನಟ್ಟಿ ಇನ್ನೊಂದು ಮಾತು ಹಾಕುವುದು ನನ್ನ ಪದ್ಧತಿ. ಅಂದು ಹಾಕಲಿಲ್ಲ.

ರಸ್ತೆಗೆ ಬಂದು ಬಸ್ಸಿಗೆ ಕಾಯುತ್ತ ನಿಂತೆ. ಬಸ್ಸು ತಡವಾಯಿತು. ಅವನು ಎಡೆ ಹೊಡೆಯುತ್ತ ಹೊಲದ ಆ ತುದಿಗೆ ಹೋದ. ಎತ್ತು ತಿರುಗಿಸುವಾಗ ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆಯ ಕಡೆ ನೋಡಿದ, ನಾನು ಹೋಗಿದ್ದೇನೋ ಇನ್ನೂ ನಿಂತಿದ್ದೇನೋ ಎಂದು. ನಿಂತಿದ್ದೆ.